ಗಿಣಿಮೂಗಿನವರ ಮನೆ

ಕೇಳಿದೆ ಅಂತ ಹೇಳ್ತಿದ್ದೀನಿ ಭಾನುರೇಖಾ,
ಇಲ್ಲದಿದ್ದರೆ ಯಾರ ವಿಷಯಕ್ಕೂ
ಮೂಗು ತೂರಿಸುವವಳಲ್ಲ ನಿನ್ನತ್ತೆ.
ತೂರಿಸಲು ಈಗ ಅಷ್ಟು ಉದ್ದವೂ ಉಳಿದಿಲ್ಲ.
ನಗಬೇಕಿದ್ದರೆ ನಗು.

ಮೊದಲು ಫೋಟೊ ತೆಗೀತಾರೆ,
ಎದುರಿನಿಂದ, ಕೆಳಗಿನಿಂದ, ಎರಡೂ ಪಕ್ಕದಿಂದ,
ಠಾಣೆಯಲ್ಲಿ ಕಳ್ಳರನ್ನು ನಿಲ್ಲಿಸಿದ ಹಾಗೆ.
ಆಮೇಲೆ ಡಾಕ್ಟರು ನೇರಳೆ ಪೆನ್ನಲ್ಲಿ
ಗೂನಿನ ಮೇಲೊಂದು ಗೆರೆ ಎಳೆದು
‘ಇದನ್ನ ಉಜ್ಜಿ ತೆಗೀತೀವಿ’ ಅಂದರು.

ಇದು ಅಂದರೆ ಪಿಳ್ಳಪ್ಪತಾತ.
ಗೂಡಿನ ಮೂಟೆಗೆ ಮೂಗಿಟ್ಟು
ಹಸಿ ಎಷ್ಟು ಒಣಗಿದ್ದೆಷ್ಟು ಹೇಳುತ್ತಿದ್ದವನು,
ಶಿಡ್ಲಘಟ್ಟದ ಅರ್ಧ ಊರಿಗೆ ನಮ್ಮನ್ನ
ಗಿಣಿಮೂಗಿನವರು ಮಾಡಿಟ್ಟು ಹೋದವನು.
ಹೂಂ ಅಂದೆ. ಸಹಿ ಹಾಕಿದೆ.

ಜನ ಮೂಗು ಮುರೀತಾರೆ ಅನ್ನೋದು ಬಿಡು,
ಅಲ್ಲಿ ನಿಜವಾಗಿಯೇ ಮುರೀತಾರೆ,
ಸಣ್ಣ ಉಳಿಯಲ್ಲಿ, ನೀನು ನಿದ್ದೆಯಲ್ಲಿರುವಾಗ.
ನೋವು ನೀನಂದುಕೊಂಡಷ್ಟಿಲ್ಲ.
ಎದ್ದಾಗ ಎರಡೂ ಹೊಳ್ಳೆಗೆ ಬತ್ತಿ ತುರುಕಿರುತ್ತೆ,
ಬಾಯಲ್ಲೇ ಉಸಿರು,
ರಾಗಿಹಿಟ್ಟು ಬುಕ್ಕಿದ ಹಾಗೆ ಒಣಗಿದ ನಾಲಿಗೆ.
ಮೂರು ದಿಂಬಿಗೆ ಒರಗಿ ಕೂತೇ ನಿದ್ದೆ.
ಸೀನು ಬಂದರೆ ಬಾಯಿ ತೆರೆದು ಸೀನು.

ಮೂರನೇ ದಿನ ಕಣ್ಣ ಕೆಳಗೆ ನೇರಳೆಹಣ್ಣು.
ಹಾಲು ಹಾಕುವ ಜಯಶೀಲ ಒಂದು ತಿಂಗಳು
ನಿನ್ನ ಮಾವನ ಮುಖ ಸರಿಯಾಗಿ ನೋಡಲಿಲ್ಲ.
ಪಾಪ, ಅವರೂ ಬಾಯಿಬಿಟ್ಟು ಹೇಳಲಿಲ್ಲ.

ಐದನೇ ದಿನ ಅಳು ಬರುತ್ತೆ.
ಕಾರಣ ಹುಡುಕಬೇಡ.
ಮೂಗು ಸೀಟಬಾರದು ಅಂದಿರ್ತಾರಲ್ಲ,
ಅತ್ತಿದ್ದೆಲ್ಲ ಗಂಟಲಿಗೇ ಇಳಿಯುತ್ತೆ
ಉಪ್ಪುಪ್ಪಾಗಿ.

ಎಂಟನೇ ದಿನ ಅಚ್ಚು ಬಿಚ್ಚುತ್ತಾರೆ.
ಕನ್ನಡಿಯಲ್ಲಿ ಕಾಣೋದು ನಿನ್ನ ಹೊಸ ಮೂಗಲ್ಲ, ಊತ.
ಬೆಳಿಗ್ಗೆ ಒಂದು ಮೂಗು, ಸಂಜೆಗೆ ಇನ್ನೊಂದು.
ತುದಿ ನನ್ನದಲ್ಲವೇನೋ ಅನ್ನುವಷ್ಟು ಜೋಮು,
ನಕ್ಕರೆ ಮೇಲ್ತುಟಿ ಮೇಲೇಳದು.
ಆರು ವಾರ ಕನ್ನಡಕ ಕೂರಬಾರದು ಅಂತ
ಹಣೆಗೆ ಟೇಪು ಹಚ್ಚಿ ತೂಗುಹಾಕಿಕೊಂಡು
ಮಾರುಕಟ್ಟೆಯಲ್ಲಿ ಲಾಟು ನಂಬರು ಬರೆದೆ.
ಎಲ್ಲರೂ ನೋಡಿದರು. ರೀಲರು ಫಯಾಜಣ್ಣ ಮಾತ್ರ
‘ಮೇಡಂ, ಬಿಸಿನೀರಲ್ಲಿ ನೆನೀದೆ
ಗೂಡಿನ ಎಳೆ ಸಿಗಲ್ಲ, ಆತುರ ಬೇಡಿ’ ಅಂದು
ಚೀಟಿ ತಗೊಂಡು ಹೋದರು.
ವರ್ಷ ಬೇಕಾಯಿತು ಊತ ಪೂರ್ತಿ ಇಳಿಯಲು.

ಡಾಕ್ಟರು ಹೇಳದ್ದು ಒಂದಿದೆ.
ಹದಿನೇಳು ದಿನ ನಮ್ಮೂರಿಗೆ ವಾಸನೆಯೇ ಇರಲಿಲ್ಲ.
ಕಾಫಿ ಇಲ್ಲ, ಸೊಪ್ಪಿನ ಸಾರಿಲ್ಲ, ಮಳೆ ಬಿದ್ದ ರಸ್ತೆಯೂ ಇಲ್ಲ.
ಹದಿನೆಂಟನೇ ದಿನ, ಫಿಲೇಚರುಗಳ ಓಣಿಯಲ್ಲಿ,
ಹೊರಗಿನವರು ಸೆರಗು ಮುಚ್ಚಿ ಓಡುತ್ತಾರಲ್ಲ,
ಆ ಬೇಯುವ ಹುಳದ ನಾತ
ಮೊದಲು ಬಂತು.
ಮಲ್ಲಿಗೆ ಅಂಗಡಿ ಪಕ್ಕದಲ್ಲೇ ಇತ್ತು, ಅದಲ್ಲ.
ನಿಂತು ಎಳೆದುಕೊಂಡೆ, ಎದೆ ತುಂಬ, ಹುಚ್ಚಿಯ ಹಾಗೆ.

ಅಮ್ಮ ಒಂದು ಮಾತೂ ಆಡಲಿಲ್ಲ.
ಗೋಡೆಯ ಫೋಟೊ ಒರೆಸುವಾಗ ಮಾತ್ರ
ತಾತನ ಮೂಗಿನ ಮೇಲೆ ಈಗ
ಎರಡು ಸಲ ಆಡುತ್ತೆ ಬಟ್ಟೆ.

ಬೇಜಾರಿದೆಯಾ ಅಂತ ಕೇಳಬೇಡ.
ಬಸ್ಸಲ್ಲಿ ಕಿಟಕಿ ಪಕ್ಕ ಕೂತಾಗ
ಕೈ ಮುಖಕ್ಕೆ ಅಡ್ಡ ಹೋಗುತ್ತಿತ್ತು, ಮೂವತ್ತು ವರ್ಷ.
ಈಗ ಮಡಿಲಲ್ಲೇ ಇರುತ್ತೆ.
ಅಷ್ಟೇ ಲಾಭ. ಸಣ್ಣದಲ್ಲ.
ಮೂಗುಬೊಟ್ಟು ಡಬ್ಬಿಯಲ್ಲಿದೆ,
ತೂತು ಮುಚ್ಚಿಕೊಂಡಿತು.

ನಂಬರು ಬರೆದಿಟ್ಟಿದ್ದೀನಿ, ಕೊಡ್ತೀನಿ.
ಬೇಡ ಅನ್ನಲು ನಾನ್ಯಾರು.
ಅದಕ್ಕೆ ಮುಂಚೆ ಒಂದು ನಿಮಿಷ
ಆ ಬೆಳಕಿನ ಕಡೆ ತಿರುಗು.
ಪೂರ್ತಿ ಅಲ್ಲ, ಅರ್ಧ.
ಹಾಂ.
ಸ್ವಲ್ಪ ಹೊತ್ತು ಹಾಗೇ ಇರು.