ಎರಡು ಹಾಡುಗಳ ನಡುವೆ

ಉಪ್ಪಳ ಪೇಟೆಯಲ್ಲಿ ನನ್ನ ಕ್ಯಾಸೆಟ್ಟಂಗಡಿ ಇದ್ದದ್ದು
ಒಣಮೀನಿನ ಪೊಕ್ಕರ್‌ನ ಪಕ್ಕ.
ಹಾಗಾಗಿ ನಾನು ಮಾರಿದ ಹಾಡುಗಳಿಗೆಲ್ಲ
ಒಂದಿಷ್ಟು ನಂಗಿನ ವಾಸನೆ.

ತೊಂಬತ್ತೆರಡರ ಜೂನಿನಲ್ಲಿ ಇನಾಸ್ ಮಾಸ್ತರರು
ಸೈಕಲಿನ ಕ್ಯಾರಿಯರಿಗೆ ಪೆಟ್ಟಿಗೆ ಕಟ್ಟಿ ತಂದರು.
ಮುನ್ನೂರು ಕ್ಯಾಸೆಟ್ಟು. ‘ನೀರಿಳಿಯುವ ತನಕ.’
ಹೊದಿಕೆಯ ಮೇಲೆ ನಾವೆಯಿಲ್ಲ, ಪಾರಿವಾಳವಿಲ್ಲ,
ಒಂದು ಖಾಲಿ ಕೊಡಪಾನ ಮಾತ್ರ.
“ಬೈಬಲಿನ ಕಥೆಗಳು ಮಮ್ಮುಂಞಿ, ಭಕ್ತಿಗೀತೆಯಲ್ಲ.
ಮೊದಲಿಂದ ಕೊನೆತನಕ ಒಂದೇ ಸಲಕ್ಕೆ ಕೇಳಬೇಕು.
ನಡುವೆ ಚಾ ಕುಡಿಯಬಾರದು.”

ಚಾ ಕುಡಿಯದೆ ಒಂದು ಗಂಟೆ ಕೂರುವವರು
ಉಪ್ಪಳದಲ್ಲಿ ಯಾರಿದ್ದಾರೆ?

ನೋಹನ ಕಥೆಯಲ್ಲಿ ನೋಹನ ದನಿಯೇ ಇಲ್ಲ.
ಅವನ ಹೆಂಡತಿಯಾಗಿ ಬೀಡಿ ಕಟ್ಟುವ ಕಾರ್ಮಿಣ್ ಬಾಯಿ,
ಎಲೆಯ ಧೂಳು ಕೂತ ಗಂಟಲು,
ನಲವತ್ತು ದಿನ ಆನೆಯ ಲದ್ದಿ ಬಾಚಿದ ಸುಸ್ತಿನಲ್ಲಿ
ಕೊನೆಗೊಮ್ಮೆ ಗಂಡನನ್ನು ಕೇಳುತ್ತಾಳೆ:
ನೆರೆಮನೆಯವಳು ಬಾಗಿಲು ಬಡಿದದ್ದು
ನಿನಗೂ ಕೇಳಿಸಿತಲ್ಲವೇ?

ಆಮೇಲೆ ಲೋಟನ ಹೆಂಡತಿ.
ಹೆಸರು ಕೇಳಿಯೇ ಬಿದ್ದು ಬಿದ್ದು ನಕ್ಕ ಪೊಕ್ಕರ್,
“ಲೋಟದ ಹೆಂಡತಿ ಯಾರು, ಚೊಂಬೋ?”
ಅವಳು ತಿರುಗಿ ನೋಡಿದ್ದು ಉರಿಯುವ ಊರನ್ನಲ್ಲ.
ಒಲೆಯ ಮೇಲೆ ಬಿಟ್ಟು ಬಂದ ಗಂಜಿ
ಉಕ್ಕಿತೋ ಏನೋ ಎಂದು.
ಹಾಡು ಮುಗಿದಾಗ ಮೀನಿಗೆ ಉಪ್ಪು ಹಾಕುತ್ತಿದ್ದ ಅವನ ಕೈ
ಸ್ವಲ್ಪ ಹೊತ್ತು ಹಾಗೇ ಇತ್ತು.

ಯೋನನ ಮೀನಿನ ಹೊಟ್ಟೆಯಲ್ಲಿ ಸಾಹಿತ್ಯವಿಲ್ಲ, ತಾಳವಿಲ್ಲ.
ಹಾರ್ಮೋನಿಯಮ್ಮಿನ ತಿದಿ ಮಾತ್ರ,
ಯಾವ ಮನೆಯನ್ನೂ ಒತ್ತದೆ
ಎಳೆದು ಬಿಡುವ ಗಾಳಿ. ನಾಲ್ಕು ನಿಮಿಷ.
ನಡುವೆ ದೂರದಲ್ಲೊಂದು ರೈಲು.
ಮಂಜೇಶ್ವರದ ಆ ಗೋದಾಮಿನ ಕಿಟಕಿಗೆ ಗಾಜಿರಲಿಲ್ಲವಂತೆ.
ಕೊಂಡ ಹನ್ನೊಂದು ಮಂದಿಯಲ್ಲಿ ಏಳು ಮಂದಿ
“ಟೇಪು ಹಾಳು” ಅಂತ ವಾಪಸು ತಂದರು.
ನನಗೆ ಆ ಕತ್ತಲೆಯ ಗುರುತು ಸಿಕ್ಕಿತ್ತು:
ಮದ್ರಸದಲ್ಲಿ ಉಸ್ತಾದರು ಹೇಳಿದ ಯೂನುಸ್ ನಬಿ
ಇಲ್ಲೇ ಕೂತಿದ್ದರು,
ಇದೇ ಉಸಿರು.

ಬಿ ಬದಿಯನ್ನು ಯಾರೂ ತಿರುಗಿಸಲೇ ಇಲ್ಲ.
ಅಲ್ಲಿ ಕಾನಾ ಊರಿನ ಮದುವೆ,
ನೀರು ಹೊತ್ತ ಆಳುಗಳ ಲೆಕ್ಕದಲ್ಲಿ:
ಆರು ಕಲ್ಲಬಾನಿ, ಇಂತಿಷ್ಟು ಕೊಡ,
ಬಾವಿಗೆ ಇಂತಿಷ್ಟು ಸಲ.

ಮಂಗಳೂರಿನವರು ಅಂದರು, ಅದು ಕೇರಳದ ಸರಕು.
ಚಂದ್ರಗಿರಿ ಹೊಳೆಯಾಚೆ ಅಂದರು, ಅಯ್ಯೋ ಕನ್ನಡವೇ?
ಕೊಂಕಣಿಯಲ್ಲಿ ಯಾಕಿಲ್ಲ ಎಂದು ಇಗರ್ಜಿಯವರ ಸಿಟ್ಟು.
ಪಾದ್ರಿಗಳಿಗೆ ಆ ನೆರೆಮನೆಯವಳದ್ದೇ ಚಿಂತೆ,
ಅವಳು ಗ್ರಂಥದಲ್ಲಿಲ್ಲವಲ್ಲ.
“ಮುಳುಗಿದಳಲ್ಲ ಫಾದರ್,” ಎಂದರಂತೆ ಮಾಸ್ತರರು,
“ಹೇಗಿರುತ್ತಾಳೆ?”

ಎರಡು ವರ್ಷ ಕಾದೆ. ಆಮೇಲೆ, ಹೌದು, ನಾನೇ,
ಅವುಗಳ ಮೇಲೆ ಮದುವೆಮನೆಯ ಹಾಡು ತುಂಬಿಸಿ ಮಾರಿದೆ.
ಟೇಪು ಒಳ್ಳೆಯದಿತ್ತು. ಮಗಳ ಕಾಲಿನ ಆಪರೇಶನ್ ಇತ್ತು.
ಮಾಸ್ತರರಿಗೆ, ಎಲ್ಲ ಖರ್ಚಾಯಿತು ಅಂದೆ.
ಅವರು ಎದ್ದು ನಿಂತರು, ಕೂತರು,
ಅಂಗಡಿಯಲ್ಲಿದ್ದ ಅಷ್ಟೂ ಮಂದಿಗೆ
ಚಾ ಹೇಳಿದರು.

ಈಗ ಅಂಗಡಿ ಬಾಡಿಗೆಗೆ, ಮೊಬೈಲ್ ಕವರು ಮಾರುವವನಿಗೆ.
ಹೋದ ತಿಂಗಳು ಬಂದ್ಯೋಡಿನ ಮದುವೆಮನೆಯೊಂದರಲ್ಲಿ
ಹಳೇ ಟೇಪ್ ರೆಕಾರ್ಡರೊಂದನ್ನು ಚಂದಕ್ಕೆ ಇಟ್ಟು
ಹುಡುಗನೊಬ್ಬ ಕ್ಯಾಸೆಟ್ಟು ಹಾಕಿದ.
ಮೇಲಿನ ಕೈಬರಹ ನನ್ನದು.
ಒಪ್ಪನದ ಹಾಡು ಮುಗಿಯಿತು. ಇನ್ನೊಂದು ಶುರುವಾಗುವ ಮೊದಲು
ನಾಲ್ಕು ಸೆಕೆಂಡು ಖಾಲಿ
(ನನ್ನ ಯಂತ್ರ ಎಂದೂ ಪೂರ್ತಿ ಅಳಿಸುತ್ತಿರಲಿಲ್ಲ)
ತಳದಿಂದ, ಬಹಳ ತಳದಿಂದ, ಕಾರ್ಮಿಣ್ ಬಾಯಿ:
ಬಾಗಿಲು ಬಡಿದದ್ದು ನಿನಗೂ

ಆಮೇಲೆ ಕೈತಾಳ.
ಬಿರಿಯಾನಿಗೆ ಕರೆದರು.
ಹಿಂದಕ್ಕೆ ಸುತ್ತು ಮೋನೇ, ಅಂದೆ ಹುಡುಗನಿಗೆ.
ಯಾವ ಹಾಡು ಇಕ್ಕಾ?
ಹಾಡಲ್ಲ ಮಾರಾಯ,
ನಡುವಿನದ್ದು.