ಸುಕ್ಕಾನ್

ಬಿಸಿಲಿಗೆ ಬಿರಿದದ್ದು ಹದಿನಾಲ್ಕು ಕಡೆ.
ಎಣಿಸಿದ್ದೇನೆ. ಹಿಡಿದರೆ ಅಂಗೈಗೆ ಕರಿ ಹುಡಿ,
ಬಿಟ್ಟರೆ ಮಡಿಲಿಗೆ.
ಎಪ್ಪತ್ತಾರರ ಬೆಡ್‌ಫರ್ಡ್, ಬೆನ್ನ ಮೇಲೆ ಮನೆ:
ಎರಡು ಮಂಚ, ಒಂದು ಒಲೆ, ಕಿಟಕಿಗೆ ಹೂವಿನ ಪರದೆ.
ಎಲ್ಲ ಸರಿಯಿದೆ, ತಿರುಗಿಸುವುದೊಂದು ಬಿಟ್ಟು.

"ಸುಕ್ಕಾನ್ ಬೇಕು" ಅಂದರು ಮೌಜಾ ಬಿಂತ್ ಸುಹೈಲ್.
ಅರವತ್ತೊಂಬತ್ತು ವಯಸ್ಸು. ಅಪ್ಪನ ಗಾಡಿ.
ಅಪ್ಪ ಇರುವ ತನಕ ಮುಂದಿನ ಸೀಟು ಗಂಡಸರದು.
ನನ್ನ ಕಿವಿಗೆ ಬಿದ್ದದ್ದು ಚುಕ್ಕಾಣಿ.
ಗಂಗೊಳ್ಳಿಯ ಅಜ್ಜ, ಹಂಚು ಹೇರಿದ ಮಂಜಿಯ ಹಿಂಬದಿಗೆ ಕೂತು
ಹಿಡಿಯುತ್ತಿದ್ದದ್ದು ಅದನ್ನೇ.
ಶಬ್ದ ಹೋದದ್ದೋ ಬಂದದ್ದೋ, ಯಾವ ಹಡಗಿನಲ್ಲೋ,
ಸುಂಕದ ಕಟ್ಟೆಯಲ್ಲಿ ಯಾರೂ ಬರೆದಿಡಲಿಲ್ಲ.

ಶಾರ್ಜಾದ ಗುಜರಿ ಓಣಿ. ಸೆಪ್ಟೆಂಬರಿನ ಬೆಳಿಗ್ಗೆ ಎಂಟಕ್ಕೇ
ತಗಡು ಮುಟ್ಟಿದರೆ ಚರ್ಮ ಏಳುತ್ತದೆ.
ಗುಲ್‌ಬಾಜ್ ಖಾನನ ಗೋಡೆಯ ತುಂಬ
ಮೊಳೆಗೆ ತೂಗಿದ ಸ್ಟಿಯರಿಂಗುಗಳು,
ರಕ್ಕಸಿಯೊಬ್ಬಳಿಗೆ ತಂದ ಬಳೆಯ ಮಲಾರ.

ಮೊದಲು ಇಳಿಸಿದ್ದು ಪುಟ್ಟದು, ಚರ್ಮದ್ದು, ಕೆಂಪು ಹೊಲಿಗೆ.
"ಪವರ್ ಇಲ್ಲದ ಗಾಡಿ ಮಾರಾಯ,
ಒಂದು ಸರ್ಕಲ್ ದಾಟುವುದರೊಳಗೆ
ಅಮ್ಮನ ಭುಜ ಕಳಚಿ ಕೈಗೆ ಬರುತ್ತದೆ" ಅಂದೆ.
ಆಮೇಲೆ ಮರದ್ದು. ಅದರಲ್ಲಿ ಮುಖ ಕಾಣುತ್ತಿತ್ತು.
ಷೋಕೇಸಿನಲ್ಲಿಡು ಅಂದೆ.

ಚಂದ ಆಮೇಲೆ. ಮೊದಲು ಹಲ್ಲು.
ಕಂಬಿಗೆ ಮೂವತ್ತಾರು, ಗುಬ್ಬಕ್ಕೂ ಮೂವತ್ತಾರು.
ಜಾತಕದಲ್ಲಾದರೆ ಹದಿನೆಂಟು ಗುಣ ಕೂಡಿದರೂ
ಪುರೋಹಿತರು ಕಣ್ಣು ಮುಚ್ಚಿ ಲಗ್ನ ಇಡುತ್ತಾರೆ.
ಇಲ್ಲಿ ಮೂವತ್ತಾರಕ್ಕೆ ಒಂದು ಕಡಿಮೆಯಾದರೂ
ಅವರು ಎಡಕ್ಕೆ ಅನ್ನುವಾಗ ಗಾಡಿ ತನ್ನ ಪಾಡಿಗೆ ಸಮುದ್ರಕ್ಕೆ.

ಹಲ್ಲು ಕೂಡಿದ್ದು ಐದು.
ಅವರು ಪ್ಲಾಸ್ಟಿಕ್ ಕುರ್ಚಿ ಎಳೆದು ಓಣಿಯ ನಡುವೆ ಕೂತರು,
ಒಂದೊಂದನ್ನೇ ಗಾಳಿಯಲ್ಲಿ ಹಿಡಿದು
ಕಣ್ಣು ಮುಚ್ಚಿ, ಎಡಕ್ಕೆ, ಬಲಕ್ಕೆ, ಪೂರಾ ಬಲಕ್ಕೆ,
ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.
ಗ್ಯಾಸಿನ ಲಾರಿಯವನು ಹಾರ್ನು ಹೊಡೆಯದೆ ಕಾದ.
ಗುಲ್‌ಬಾಜ್ ರೇಡಿಯೋ ಸಣ್ಣ ಮಾಡಿದ.

ಚಹಾ ಬಂತು. ಇಲಾಚಿ ಜಾಸ್ತಿ.
"ಗೊತ್ತಾ ಖಾರ್ವಿ," ಅಂದರು, "ನಮ್ಮಲ್ಲಿ ಸುಕ್ಕಾನ್ ಅಂದರೆ
ಮನೆಯಲ್ಲಿ ಇರುವವರೂ ಹೌದು. ವಾಸ ಇರುವವರು.
ಅಕ್ಷರವೂ ಅದೇ."
ನಾನು ಜೇಬಿನ ಕಾರ್ಡು ಮುಟ್ಟಿ ನೋಡಿಕೊಂಡೆ.
ಮೂವತ್ತೊಂದು ವರ್ಷ, ಎರಡೆರಡೇ ವರ್ಷದ ಕಂತಿನಲ್ಲಿ.

ಕೊನೆಗೆ ಕೈ ನಿಂತದ್ದು ನೀರಿನ ಟ್ಯಾಂಕರಿನದರ ಮೇಲೆ.
ಕಪ್ಪು, ಒರಟು, ಒಂದೂವರೆ ಇಂಚು ದೊಡ್ಡದು.
ಎಡಗಡೆ, ಗಡಿಯಾರದ ಒಂಬತ್ತು ಇರುವಲ್ಲಿ,
ಯಾರೋ ನೈಲಾನ್ ದಾರ ಸುತ್ತಿದ್ದಾರೆ, ಬೆವರಿಗೆ ಜಾರದಂತೆ.
ತುದಿಯ ಗಂಟು ಬಲೆ ಕಟ್ಟುವವರ ಗಂಟು.
ಅದು ನಮ್ಮ ದಕ್ಕೆಯದ್ದೂ ಇರಬಹುದು, ಇವರ ದಡದ್ದೂ;
ಗಂಟಿಗೆ ಪಾಸ್‌ಪೋರ್ಟ್ ಇಲ್ಲ.
ಬ್ಲೇಡು ತೆಗೆದೆ.
"ಬಿಡು" ಅಂದರು. "ಅವನು ಹಿಡಿದ ಜಾಗ ಇರಲಿ."

ಗುಲ್‌ಬಾಜ್ ಇನ್ನೂರು ಅಂದ, ತೊಂಬತ್ತಕ್ಕೆ ಕೊಟ್ಟ,
ಚಹಾದ ದುಡ್ಡು ಬೇಡ ಅಂದ.

ಗ್ಯಾರೇಜಿನಲ್ಲಿ ಕೂರಿಸಿದರೆ ಹೊಟ್ಟೆಗೆ ಒತ್ತುತ್ತದೆ.
ಸೀಟು ಹಿಂದೆ ಹೋಗದು, ಹಿಂದೆ ಅಡುಗೆಯ ಕಪಾಟು.
ಕಪಾಟು ಬಿಚ್ಚಿದೆ. ಅದರಾಚೆ ಮಂಚ. ಅದರದ್ದೂ ಬೋಲ್ಟು ಸಡಿಲಿಸಿದೆ.
ಒಂದು ಚಕ್ರಕ್ಕೆ ಜಾಗ ಮಾಡಿ
ಇಡೀ ಮನೆ ಎರಡಿಂಚು ಹಿಂದೆ ಸರಿದು ಕೂತಿತು.
ಒಂದು ಹಳೆ ಚಮಚ ಸಿಕ್ಕಿತು. ಒರೆಸಿ ಕೊಟ್ಟೆ.
ಅದನ್ನವರು ಬಹಳ ಹೊತ್ತು ನೋಡಿದರು.

ಸಂಜೆ ರಸ್ತೆಗೆ ಇಳಿಸಿದರು, ತಾವೇ.
ಗಾಡಿ ನೇರ ಹೋಗುತ್ತಿದೆ, ಸ್ಟಿಯರಿಂಗಿನ ಕಡ್ಡಿ ಮಾತ್ರ ತುಸು ಎಡಕ್ಕೆ ವಾಲಿದೆ.
ಒಂದು ಹಲ್ಲು ತಪ್ಪಿಸಿ ಕೂರಿಸಿದ್ದೇನೆ.
ಮೂವತ್ತೊಂದು ವರ್ಷದ ಕೈ!
"ನಿಲ್ಲಿಸಿ, ಹತ್ತೇ ನಿಮಿಷ" ಅಂತ ಓಡಿದೆ, ಸ್ಪಾನರು ಎತ್ತಿ ಹಿಡಿದು.
ಕಿಟಕಿಯಿಂದ ಒಂದು ಕೈ ಹೊರಬಂತು.
ಬೀಳ್ಕೊಟ್ಟದ್ದು ಅಂದುಕೊಂಡೆ.
ಅಲ್ಲ, ಎಡಕ್ಕೆ ತಿರುಗುವ ಸನ್ನೆ.
ಇಂಡಿಕೇಟರು ರಿಪೇರಿಯಾಗಿರಲಿಲ್ಲ.