ಅಡ್ಡಹೆಸರಿನ ಖಾನೆ

ಆ ಖಾನೆ ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುವುದಿಲ್ಲ.
ಕೆಂಪು ಚುಕ್ಕಿಯೊಂದು ಬಂದು ನಿಲ್ಲುತ್ತದೆ
ಜುಬಿಲಿ ಸರ್ಕಲ್ಲಿನ ಸಿಗ್ನಲ್ಲಿನ ಹಾಗೆ.

‘ಅಡ್ಡಹೆಸರಿಲ್ಲದ ಮನಶಾ ಅಂದ್ರ ಹೆಂಗ್ರೀ?’
ಕನ್ನಡಕ ಹಣೆಗೇರಿಸಿ ಕೇಳಿದರು
ವಿದೇಶಿಯರ ಕಡತ ನೋಡುವ ಉಳ್ಳಾಗಡ್ಡಿ ಸಾಹೇಬರು.
ಪಕ್ಕದ ಮೇಜಿಗೆ ಮೆಣಸಿನಕಾಯಿ,
ಬಾಗಿಲ ಸ್ಟೂಲಿನ ಮೇಲೆ ಬೆಲ್ಲದ.
ಒಂದು ಒಗ್ಗರಣೆಗೆ ಸಾಕಾಗುವಷ್ಟು ಜನ.

ಇವನ ಹೆಸರು ತೆಸ್ಫಾಯೆ, ಅಂದೆ.
ಮುಂದಿನದು ಅಪ್ಪನದು, ಅದರ ಮುಂದಿನದು ಅಜ್ಜನದು.
ಅವರ ಕಡೆ ಮನೆತನಕ್ಕೆ ಹೆಸರಿಲ್ಲ,
ಮನುಷ್ಯರಿಗಷ್ಟೇ.
ಸಾಹೇಬರು ಅಜ್ಜನನ್ನೇ ಎತ್ತಿ ಖಾನೆಯಲ್ಲಿ ಕೂರಿಸಿದರು.
ಗೋಜಾಮ್ ಸೀಮೆಯಲ್ಲಿ ಎತ್ತು ಹೂಡಿ ಹೂಡಿ ತೀರಿಕೊಂಡ ಮುದುಕ
ಧಾರವಾಡದಲ್ಲಿ ಕೂತ, ದೊಡ್ಡಕ್ಷರದಲ್ಲಿ.

ಹುಟ್ಟಿದ ದಿನ ಕೇಳಿದಾಗ ತೆಸ್ಫಾಯೆ ಬೆರಳು ಮಡಚಿದ.
ಅವನ ಪಂಚಾಂಗಕ್ಕೆ ಹದಿಮೂರು ತಿಂಗಳು,
ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ ನಡೆಯುತ್ತದೆ.
ಆ ಲೆಕ್ಕದಲ್ಲಿ ನಾವಿನ್ನೂ ಭೇಟಿಯೇ ಆಗಿಲ್ಲ.
ಕೃಷಿ ವಿಶ್ವವಿದ್ಯಾಲಯದ ಬೀಜದ ಲ್ಯಾಬಿನಲ್ಲಿ
ಒದ್ದೆ ಕಾಗದದ ಮೇಲೆ ನಾನೊಬ್ಬಳೇ ಮೊಳಕೆ ಎಣಿಸುತ್ತಿದ್ದೇನೆ.

ಕಾಗದಗಳು:
ಹಳದಿ ಜ್ವರದ ಹಳದಿ ಕಾರ್ಡು.
ಎರಡೂ ಕಿವಿ ಕಾಣುವ ಫೋಟೊ, ಹಿಂದೆ ಬಿಳಿ ಗೋಡೆ
(ಸ್ಟುಡಿಯೋದವನು ಇವನ ಮುಖವನ್ನು ಕೇಳದೆ ಎರಡು ಬಣ್ಣ ತಿಳಿ ಮಾಡಿದ;
ಮತ್ತೆ ತೆಗೆಸಿದೆವು).
ಸಬ್‌ರಿಜಿಸ್ಟ್ರಾರ್ ಕಚೇರಿಯ ಗಾಜಿನ ಹಲಗೆಯಲ್ಲಿ
ಮೂವತ್ತು ದಿನ ತೂಗಿದ ನಮ್ಮ ನೋಟೀಸು,
ಅದರ ಮೇಲೆ ಯಾರೋ ಅಂಟಿಸಿದ ಪಿಎಸ್‌ಐ ಕೋಚಿಂಗಿನ ಜಾಹೀರಾತು,
ಅದರಡಿಯಿಂದ ಇಣುಕುತ್ತಿದ್ದ ನೀಲಗಂಗಾ ಎಂಬ ನಾನು.
ಸೋದರಮಾವ ಓದಿ ಬಂದ.
ಏನೂ ಅನ್ನದೆ ಎರಡು ಕಪ್ಪು ಚಹಾ ಕುಡಿದು ಹೋದ.

ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ
ಸಪ್ತಾಪುರದ ಇಂದೂತಾಯಿ ಕೇಳಿದ್ದು ಒಂದೇ:
‘ನಳಾ ಬಂದಾಗ ಎದ್ದು ನೀರು ತುಂಬ್ತಾನಿಲ್ಲೋ?’

ವಿಮೆಯವನ ಹತ್ತಿರ ಪ್ರಶ್ನೆಗಳು ಬಹಳ.
ಬೀಡಿ? ಇಲ್ಲ. ಸಕ್ಕರೆ? ಚಹಾಕ್ಕೆ ಮೂರು ಚಮಚೆ.
ಅದಲ್ರಿ, ರಕ್ತದಾಗ.
ಹಳೆಯ ರೋಗಕ್ಕೆ ಮೂರು ವರ್ಷ ಕಾಯಬೇಕು,
ಹೆರಿಗೆಗೆ ಎರಡು,
ವೀಸಾ ಮುಗಿದರೆ ಪಾಲಿಸಿಯೂ ಮುಗಿದ ಹಾಗೆ.
‘ಅಲ್ಲೀತನಾ ಏನೂ ಆಗದಂಗ ನೋಡ್ಕೋರಿ.’
ನೋಡಿಕೊಳ್ಳುತ್ತೇವೆ ಅಂದೆವು ಇಬ್ಬರೂ,
ಮೈಗೆ ತಾರೀಖು ಹೇಳಿಕೊಟ್ಟರೆ ಕೇಳುತ್ತದೆ ಎಂಬಂತೆ.

ಪರವಾನಗಿ ಬಂತು. ಕೆಳಗೆ ಸಣ್ಣಕ್ಷರ:
ಉದ್ಯೋಗಕ್ಕೆ ಅನುಮತಿ ಇಲ್ಲ.
ಮುಂದಿನ ಅರ್ಜಿಗಳಲ್ಲಿ ಅವನು ‘ಅವಲಂಬಿತ’.
ಪಿಎಚ್.ಡಿ. ಪದವಿಯ ನೀಲಿ ಕೊಳವೆ
ಛತ್ರಿಯ ಜೊತೆ ಬಾಗಿಲ ಹಿಂದೆ ನಿಂತಿತು.
ಆ ವಾರ ಅವನು ನನ್ನ ಡಬ್ಬಿ ಕಟ್ಟಿದ, ಸ್ಕೂಟಿ ಒರೆಸಿದ,
ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದ.
ಒಂದು ಸಂಜೆ ನಾನು ಕೂಗಾಡಿದೆ, ಕಾರಣ ನೆನಪಿಲ್ಲ.
ಅವನು ಅಮಾರಿಕ್ ಭಾಷೆಯಲ್ಲಿ ಸುಮ್ಮನಿದ್ದ.

ಆಮೇಲೆ ಹಂಚು ಒಲೆಗಿಟ್ಟು ಗುರೆಳ್ಳು ಹುರಿಯತೊಡಗಿದ.
ಅವರಲ್ಲಿ ಅದಕ್ಕೆ ನೂಗ್ ಅನ್ನುತ್ತಾರೆ.
ಅವನ ಪ್ರಬಂಧವೇ ಅದರ ಮೇಲೆ, ಮುನ್ನೂರು ಪುಟ:
ಅವನ ಮಣ್ಣಿನಿಂದ ಯಾವಾಗಲೋ ಹೊರಟ ಕಾಳು,
ಯಾರ ಗಂಟಿನಲ್ಲಿ, ಯಾವ ಹಡಗಿನಲ್ಲಿ, ಬರೆದಿಟ್ಟವರಿಲ್ಲ;
ಈಗ ನಮ್ಮ ರೊಟ್ಟಿ ಮಗ್ಗುಲಿಗೆ ಅದಿಲ್ಲದೆ ಊಟವಿಲ್ಲ.
‘ಲ್ಯಾಟಿನ್‌ನಲ್ಲಿ ಅದಕ್ಕೆ ಅಡ್ಡಹೆಸರಿದೆ ಗೊತ್ತಾ,’ ಅಂದ.
‘ಅಬಿಸಿನಿಕಾ.’
ಚಟಪಟ ಸಿಡಿಯುತ್ತಿತ್ತು. ಸ್ವಲ್ಪ ಹೊತ್ತಿಸಿದ ಕೂಡ.

ರಾತ್ರಿ ಮೂರಕ್ಕೆ ಕೆಳಗಿನಿಂದ ಇಂದೂತಾಯಿಯ ದನಿ:
‘ತೇಸಪ್ಪಾ! ಏ ತೇಸಪ್ಪಾ! ನಳಾ ಬಂದಾವ!’
ಎಂಟು ದಿನಕ್ಕೊಮ್ಮೆ ಬರುವ ನೀರು.
ಅವನ ಊರಿನ ಗಡಿಯಾರದಲ್ಲಿ ರಾತ್ರಿಯ ಒಂಬತ್ತು ಗಂಟೆ,
ನನಗಿಂತ ಮೊದಲು ಎದ್ದ.
ನಿದ್ದೆಗಣ್ಣಲ್ಲಿ ಕೇಳಿಸಿಕೊಂಡೆ,
ಖಾಲಿ ಕೊಡಕ್ಕೆ ಬಿದ್ದ ಮೊದಲ ನೀರು,
‘ಬಂದ್ನೆವ್ವಾ’ ಅನ್ನುವಾಗ ಅವನು ತಡವರಿಸಿದ ಆ ಒತ್ತಕ್ಷರ.